ಬ್ಲಫ್ ಬಿಟ್ಟೆ, ದುಡ್ಡು ಬಂತು: ಕಾಲ್ ಮಾಡುವವರ ಟೇಬಲ್ಲಿನಲ್ಲಿ ನನ್ನ ಅನುಭವ

"ಬ್ಲಫ್ ಮಾಡದವನಿಗೆ ಯಾರು ಗುರು ಕಾಲ್ ಮಾಡ್ತಾರೆ? ಒಂದು ತಿಂಗಳಲ್ಲಿ ನಿನ್ನ ಆಟ ಎಲ್ಲರಿಗೂ ಗೊತ್ತಾಗುತ್ತೆ ನೋಡು." ಪೋಕರ್‌ನಲ್ಲಿ ಬ್ಲಫ್ (ಕೈಯಲ್ಲಿ ಏನೂ ಇಲ್ಲದೆ ದುಡ್ಡಿಟ್ಟು ಎದುರಿನವರನ್ನು ಹೆದರಿಸುವುದು) ಬಿಡುತ್ತೇನೆ ಅಂದಾಗ ನನ್ನ ಜೊತೆ ಆನ್‌ಲೈನ್ ಆಡುತ್ತಿದ್ದ ಗೆಳೆಯರೆಲ್ಲ ಹೀಗೇ ಹೇಳಿದ್ದರು. ಕಾಲ್ ಅಂದರೆ ಎದುರಿನವರು ಇಟ್ಟಷ್ಟೇ ದುಡ್ಡು ಹಾಕಿ ಆಟದಲ್ಲಿ ಉಳಿಯುವುದು. ಐದು ತಿಂಗಳಾಯಿತು. ಇನ್ನೂ ಕಾಲ್ ಮಾಡ್ತಾನೇ ಇದ್ದಾರೆ.

2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ನಿಂತಿತು. ಆರು ವರ್ಷ ಮೌಸ್ ಹಿಡಿದು ಆಡಿದವನು ಬೆಂಗಳೂರಿನ ಕ್ಲಬ್ ಟೇಬಲ್ಲಿಗೆ ಬಂದು ಕೂತೆ. 50-100 ಬ್ಲೈಂಡ್ (ಪ್ರತಿ ಆಟದ ಶುರುವಿನಲ್ಲಿ ಇಬ್ಬರು ಕಡ್ಡಾಯವಾಗಿ ಇಡುವ ದುಡ್ಡು), ಹತ್ತು ಸಾವಿರ ಬೈ-ಇನ್ (ಟೇಬಲ್ಲಿಗೆ ಕೂರಲು ತರುವ ದುಡ್ಡು). ಮೊದಲ ಮೂರು ತಿಂಗಳಲ್ಲಿ ಹತ್ತಿರ ಹತ್ತಿರ 1.8 ಲಕ್ಷ ಹೋಯಿತು.

ಹೋಗಿದ್ದು ಕೆಟ್ಟ ಎಲೆಯಿಂದಲ್ಲ. ಒಂದು ಕೈ ಈಗಲೂ ಕಣ್ಣ ಮುಂದೆ ಇದೆ. ನನ್ನ ಹತ್ತಿರ ಆಟೀನ್ ಒಂಬತ್ತು-ಎಂಟು. ಫ್ಲಾಪಿನಲ್ಲಿ (ಎಲ್ಲರಿಗೂ ಸೇರಿ ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆ) ಎರಡು ಆಟೀನ್. ಫ್ಲಶ್ (ಒಂದೇ ಚಿಹ್ನೆಯ ಐದು ಎಲೆ) ಆಗಲು ಇನ್ನೊಂದು ಬೇಕಿತ್ತು, ಆಮೇಲೆ ಏನೂ ಬರಲಿಲ್ಲ. ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಪಾಟ್, ಅಂದರೆ ಮಧ್ಯೆ ಸೇರಿದ ದುಡ್ಡು, 9 ಸಾವಿರ, ನಾನು 6 ಸಾವಿರ ಇಟ್ಟೆ. ಇಂಥ ಬೆಟ್ ಗಿಟ್ಟಬೇಕಾದರೆ ಎದುರಿನವರು ಹತ್ತರಲ್ಲಿ ನಾಲ್ಕು ಸಲ ಬಿಡಬೇಕು. ಎದುರಿಗಿದ್ದ ಅಂಕಲ್ ಎರಡು ಸಲವೂ ಬಿಡುವವರಲ್ಲ. "ನೋಡೇಬಿಡೋಣ" ಅಂತ ಚಿಪ್ಸ್ ತಳ್ಳಿದರು. ಅವರದು ಐದರ ಜೋಡಿ. ಅದೇ ವಾರ ಇಂಥದ್ದೇ ಇನ್ನೂ ಮೂರು ಬ್ಲಫ್ ಮಾಡಿ ಕಳೆದುಕೊಂಡೆ.

ಒಂದು ರಾತ್ರಿ ಮನೆಗೆ ಬರುವಾಗ ಹೊಳೆಯಿತು. ಈ ಟೇಬಲ್ಲಿನ ಮುಕ್ಕಾಲು ಜನ ಹಬ್ಬದ ರಾತ್ರಿ ತೀನ್ ಪತ್ತಿ ಆಡಿ ಬೆಳೆದವರು. ಅಲ್ಲಿ ಕೊನೆಗೆ ಇಬ್ಬರೇ ಉಳಿದರೆ ದುಡ್ಡು ಕೊಟ್ಟು ಷೋ ಕೇಳಿ ಎಲೆ ನೋಡುತ್ತಾರೆ. ನೋಡದೆ ಎಸೆಯೋದು ಅವರಿಗೆ ಸೋತ ಹಾಗೆ. ರಿವರ್‌ನಲ್ಲಿ ಕಾಲ್ ಅಂದರೆ ಅವರ ಲೆಕ್ಕದಲ್ಲಿ ಷೋ. ನನ್ನ ಬ್ಲಫ್ ಏನು ಕಥೆ ಹೇಳುತ್ತಿದೆ ಅಂತ ಅವರು ಕೇಳಿಸಿಕೊಳ್ಳುತ್ತಲೇ ಇಲ್ಲ, ಅಲ್ವಾ? ಎಲೆ ನೋಡಬೇಕು, ಅಷ್ಟೇ.

ಮಾರನೇ ದಿನದಿಂದ ರಿವರ್ ಬ್ಲಫ್ ಬಂದ್. ಅದು ಸುಲಭದ ಭಾಗ. ಎಡವಿದ್ದು ಇನ್ನೊಂದು ಕಡೆ. ಇವರು ಏನಿಟ್ಟರೂ ಕಾಲ್ ಮಾಡ್ತಾರೆ, ಹಾಗಾದರೆ ನನಗೂ ಜಾಸ್ತಿ ಕೈ ಆಡಬಹುದು ಅಂದುಕೊಂಡೆ. ರಾಜ-ಒಂಬತ್ತು, ಎಕ್ಕ-ಐದು, ಎಲ್ಲವನ್ನೂ ಮೊದಲ ಸೀಟಿನಿಂದಲೇ (ಉಳಿದವರಿಗಿಂತ ಮುಂಚೆ ಆಡಬೇಕಾದ ಜಾಗ) ರೈಸ್ ಮಾಡತೊಡಗಿದೆ, ಅಂದರೆ ಬೆಟ್ ಏರಿಸತೊಡಗಿದೆ. ಪ್ರತಿ ಸಲ ನಾಲ್ಕು ಜನ ಕಾಲ್. ಎಕ್ಕ ಬಿದ್ದರೂ ಯಾರದೋ ಕಿಕರ್ (ಜೋಡಿಯ ಪಕ್ಕದ ಎಲೆ) ನನಗಿಂತ ದೊಡ್ಡದು. ಎರಡೇ ವಾರಕ್ಕೆ 40 ಸಾವಿರ ಹೋಯಿತು. ಆಗ ಸರಿಯಾಗಿ ಅರ್ಥವಾಯಿತು: ರೇಂಜ್ (ದುಡ್ಡಿಡುವ ಕೈಗಳ ಪಟ್ಟಿ) ಅಗಲ ಮಾಡಬೇಕಾದ್ದು ಫ್ಲಾಪಿಗೆ ಮುಂಚೆ ಅಲ್ಲ, ರಿವರ್‌ನಲ್ಲಿ. ಮೊದಲ ಸೀಟುಗಳಲ್ಲಿ ಈಗ ಆನ್‌ಲೈನ್‌ಗಿಂತ ಕಡಿಮೆ ಕೈ ಆಡುತ್ತೇನೆ. ಲಿಂಪ್ ಮಾಡಿದವರ (ರೈಸ್ ಮಾಡದೆ ಬ್ಲೈಂಡಿನಷ್ಟೇ ಇಟ್ಟವರ) ಹಿಂದೆ ಬಟನ್ (ಫ್ಲಾಪಿನ ನಂತರ ಎಲ್ಲರಿಗಿಂತ ಕೊನೆಗೆ ಆಡುವ ಸೀಟು) ಸಿಕ್ಕಾಗ ಮಾತ್ರ ಕೈ ಬಿಚ್ಚುತ್ತೇನೆ. ರೈಸ್ ಕೂಡ 400 ಅಲ್ಲ, 700-800.

ಹೊಸ ಲೆಕ್ಕದಲ್ಲಿ ಗೆದ್ದ ಒಂದು ಕೈ ಹೇಳುತ್ತೇನೆ. ಇಬ್ಬರು ಲಿಂಪ್ ಮಾಡಿದ್ದರು. ನಾನು ಬಟನ್ನಿನಲ್ಲಿ ಎಕ್ಕ-ಗುಲಾಮ, 800 ಇಟ್ಟೆ. ಅದೇ ಅಂಕಲ್ ಒಬ್ಬರೇ ಕಾಲ್. ಇಬ್ಬರ ಮುಂದೆಯೂ 16 ಸಾವಿರದ ಆಸುಪಾಸು. ಫ್ಲಾಪ್ ಗುಲಾಮ, ಏಳು, ನಾಲ್ಕು. 1500 ಇಟ್ಟೆ, ಕಾಲ್. ಟರ್ನ್ (ನಾಲ್ಕನೇ ಎಲೆ) ಎರಡು. 3500, ಕಾಲ್. ರಿವರ್‌ನಲ್ಲಿ ರಾಜ ಬಿತ್ತು. ಮುಂಚೆ ಆಗಿದ್ದರೆ ಹೆದರಿ ಬೆಟ್ ಇಡದೆ ಚೆಕ್ ಮಾಡುತ್ತಿದ್ದೆ. ಈ ಸಲ ಹಾಗೆ ಯೋಚಿಸಲಿಲ್ಲ. ಅವರು ಕಾಲ್ ಮಾಡುವ ಕೈಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನನಗಿಂತ ಸಣ್ಣವಾದರೆ ಸಾಕು. 6 ಸಾವಿರ ಇಟ್ಟೆ. ಅಂಕಲ್ ಒಂದು ನಿಮಿಷ ಚಿಪ್ಸ್ ಎಣಿಸಿದರು, ನನ್ನ ಮುಖ ನೋಡಿದರು, ಕಾಲ್ ಅಂದರು. ಏಳು-ಆರು ತೋರಿಸಿದರು. ಹತ್ತಿರ ಹತ್ತಿರ 24 ಸಾವಿರದ ಪಾಟ್ ನನ್ನ ಕಡೆ ಬಂತು. ಪಕ್ಕದ ಸೀಟಿನ ಹುಡುಗ, ಸಾಲ್ವರ್ (ಪೋಕರ್ ಲೆಕ್ಕ ಹಾಕುವ ಸಾಫ್ಟ್‌ವೇರ್) ಓದಿದವನು, "ಇಷ್ಟಕ್ಕೆಲ್ಲ ಮೂರು ಸಲ ಬೆಟ್ ಮಾಡ್ತೀರಾ ಸಾರ್?" ಅಂತ ಕೇಳಿದ. ಮಾಡ್ತೀನಿ. ಇವರ ಮುಂದೆ ಮಾತ್ರ.

ನಡುವೆ ಬೆಟ್ ಸೈಜಿನ ಮೇಲೂ ಒಂದು ಪ್ರಯೋಗ ಮಾಡಿದೆ. ಒಂದು ತಿಂಗಳು ರಿವರ್‌ನ ಒಳ್ಳೆ ಕೈಗಳಿಗೆ ಬೇರೆ ಬೇರೆ ಅಳತೆಯ ಬೆಟ್ ಇಟ್ಟು ಫೋನಿನಲ್ಲಿ ಬರೆದುಕೊಂಡೆ. ನೆನಪಿರುವಂತೆ ಪಾಟ್‌ನ ಮೂರರಲ್ಲಿ ಎರಡು ಭಾಗ ಇಟ್ಟಾಗ ಹತ್ತರಲ್ಲಿ ಏಳು ಕಾಲ್. ಪಾಟ್‌ನಷ್ಟೇ ಇಟ್ಟರೂ ಆರು. ಅಂದರೆ ದೊಡ್ಡ ಬೆಟ್ಟಿಗೇ ಜಾಸ್ತಿ ದುಡ್ಡು. ಹುಮ್ಮಸ್ಸಿನಲ್ಲಿ ಒಂದೂವರೆ ಪಾಟ್ ಇಟ್ಟು ನೋಡಿದೆ. ಕಾಲ್ ನಾಲ್ಕಕ್ಕೆ ಇಳಿಯಿತು, ಕಾಲ್ ಮಾಡಿದವರ ಕೈಯೂ ಗಟ್ಟಿ ಇರುತ್ತಿತ್ತು. ಅದನ್ನು ಕೈಬಿಟ್ಟೆ. ಎರಡನೇ ಜೋಡಿಯಂಥ ತೆಳು ಕೈಗಳಿಗೆ ಮಾತ್ರ ಅರ್ಧ ಪಾಟ್ ಇಡುತ್ತೇನೆ.

ದುಬಾರಿ ಪಾಠ ಇನ್ನೊಂದಿದೆ. ಸದಾ ಕಾಲ್ ಮಾಡುವವರು ರಿವರ್‌ನಲ್ಲಿ ರೈಸ್ ಮಾಡಿದರೆ ಎಲೆ ಎಸೆದು ಎದ್ದು ಟೀ ಕುಡಿದು ಬನ್ನಿ. ನನ್ನ ಹತ್ತಿರ ಎಕ್ಕ-ರಾಜ, ಬೋರ್ಡಿನಲ್ಲೂ ಎರಡೂ ಬಿದ್ದು ಎರಡು ಜೋಡಿ. ಬಿಡಲು ಮನಸ್ಸಾಗಲಿಲ್ಲ. ಅವರಿಗೆ ಮೂರರ ಎಲೆ ಮೂರು ಸೇರಿತ್ತು, ಅದು ಎರಡು ಜೋಡಿಗಿಂತ ದೊಡ್ಡದು. 14 ಸಾವಿರ ಹೋಯಿತು. ಆಮೇಲೆ ಅಂಥ ರೈಸಿಗೆ ಹನ್ನೊಂದೋ ಹನ್ನೆರಡೋ ಸಲ ಫೋಲ್ಡ್ ಮಾಡಿದೆ. ಅದರಲ್ಲಿ ಐದಾರು ಸಲ ಅವರಾಗಿಯೇ ಎಲೆ ತೋರಿಸಿದರು. ಒಂದರಲ್ಲೂ ನಾನು ಗೆಲ್ಲುತ್ತಿರಲಿಲ್ಲ.

ಇನ್ನೊಂದು ಥರದ ಆಟಗಾರರಿದ್ದಾರೆ. ಫ್ಲಾಪ್, ಟರ್ನ್ ಎರಡೂ ಕಡೆ ಕಾಲ್ ಮಾಡಿ, ಫ್ಲಶ್ ಬರದಿದ್ದರೆ ರಿವರ್‌ನಲ್ಲಿ ಬಿಟ್ಟುಬಿಡುತ್ತಾರೆ. ಇವರನ್ನೂ ಅಂಕಲ್ ಗುಂಪಿಗೆ ಸೇರಿಸಿದರೆ ನಷ್ಟ. ಬ್ಲಫ್ ನಡೆಯುವುದು ಇವರ ಮೇಲೆ ಮಾತ್ರ. ಇಬ್ಬರನ್ನೂ ಬೇರೆ ಮಾಡಲು ಟರ್ನ್‌ನಲ್ಲಿ ಅವರ ಕೈ ಚಿಪ್ಸ್ ಹತ್ತಿರ ಹೋಗುವ ರೀತಿ ನೋಡುತ್ತೇನೆ. ಏನು ನೋಡುತ್ತೇನೆ ಅಂತ ಇಲ್ಲಿ ಬರೆಯಲ್ಲ. ನನ್ನ ಟೇಬಲ್ಲಿನವರೂ ಓದುತ್ತಾರೆ. ಬ್ಲೈಂಡಿನಲ್ಲಿ ಸಣ್ಣ ಜೋಡಿಗಳನ್ನು ಆಡುವ ಒಂದು ವಿಧಾನವೂ ಇದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ಲೆಕ್ಕ: ಈ ಐದು ತಿಂಗಳಲ್ಲಿ 230 ಗಂಟೆ ಆಡಿರಬಹುದು. ರೇಕ್ (ಪಾಟ್‌ನಲ್ಲಿ ಕ್ಲಬ್ಬಿನ ಪಾಲು) ಕಳೆದು ಸುಮಾರು 2.4 ಲಕ್ಷ ಬಂದಿದೆ. ಅದರಲ್ಲಿ ಹಳೇ 1.8 ಲಕ್ಷದ ನಷ್ಟ ತೀರಿ, 40 ಸಾವಿರದ ಪೆಟ್ಟನ್ನೂ ಕಳೆದ ಮೇಲೆ 20 ಸಾವಿರ ಉಳಿಯಿತು. ಹೋದ ತಿಂಗಳು ಗೋವಾಕ್ಕೆ ಹೋಗಿ ಮಾಂಡೋವಿ ನದಿಯ ಕ್ಯಾಸಿನೊ ಹಡಗಿನಲ್ಲೂ ಎರಡು ರಾತ್ರಿ ಇದನ್ನೇ ಆಡಿದೆ. ವಾರಾಂತ್ಯಕ್ಕೆ ಮಜಾ ಮಾಡಲು ಬಂದವರು ನಮ್ಮ ಅಂಕಲ್‌ಗಿಂತ ಧಾರಾಳ. 31 ಸಾವಿರ ಗೆದ್ದೆ, ಬಸ್ಸು ಮತ್ತು ರೂಮಿಗೆ 9 ಸಾವಿರ ಹೋಯಿತು.

ಮೊದಲು ನಕ್ಕಿದ್ದ ಗೆಳೆಯರಲ್ಲಿ ಒಬ್ಬ ಹೋದ ಶನಿವಾರ ನನ್ನ ಹಿಂದೆ ಕುರ್ಚಿ ಎಳೆದುಕೊಂಡು ನಾಲ್ಕು ಗಂಟೆ ಕೂತಿದ್ದ. ಎದ್ದು ಹೋಗುವಾಗ ಕೇಳಿದ್ದು ಒಂದೇ: "ಆ ಅಂಕಲ್ ಯಾವ ಯಾವ ದಿನ ಬರ್ತಾರೆ?"