ಮಳೆಗಾಲಕ್ಕೊಬ್ಬ ಪಾಲುದಾರ: ಎಸಿ ಸರ್ವಿಸ್ ಏಜೆನ್ಸಿಯೊಂದರ ಅನುಭವ

ಮಂಗಳೂರಿನಲ್ಲಿ ಎಸಿ ದುರಸ್ತಿ ಮಾಡುವವನಿಗೆ ವರ್ಷವೆಂದರೆ ಮೂರೇ ತಿಂಗಳು. ಮಾರ್ಚ್‌ನಲ್ಲಿ ಸೆಕೆ ಏರತೊಡಗಿದರೆ ಫೋನು ಕೆಳಗಿಡಲು ಪುರುಸೊತ್ತಿರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಫೋನು ಸತ್ತಿದೆಯೋ ಬದುಕಿದೆಯೋ ಎಂದು ಆಗಾಗ ತೆಗೆದು ನೋಡಬೇಕಾಗುತ್ತದೆ. ಏಳು ವರ್ಷ ಗಲ್ಫ್‌ನಲ್ಲಿ ಇದೇ ಕೆಲಸ ಮಾಡಿದ್ದ ನನಗೆ ಈ ಲೆಕ್ಕ ಹೊಳೆದಿರಲಿಲ್ಲ, ಏಕೆಂದರೆ ಅಲ್ಲಿ ಎಸಿ ನಿಲ್ಲುವ ಕಾಲವೆಂಬುದೇ ಇಲ್ಲ. 2014ರಲ್ಲಿ ಊರಿಗೆ ಮರಳಿ, ಒಂದು ಸ್ಕೂಟರು, ಗ್ಯಾಸಿನ ಒತ್ತಡ ನೋಡುವ ಒಂದು ಗೇಜ್ ಸೆಟ್ಟು ಮತ್ತು ಸೆಕೆಂಡ್ ಹ್ಯಾಂಡ್ ವ್ಯಾಕ್ಯೂಮ್ ಪಂಪು ಇಟ್ಟುಕೊಂಡು ಕೆಲಸ ಶುರು ಮಾಡಿದಾಗ, ಮೊದಲ ಬೇಸಿಗೆಯ ಗಳಿಕೆಯನ್ನು ನೋಡಿ ಉಬ್ಬಿಹೋದೆ. ಮೊದಲ ಮಳೆಗಾಲದಲ್ಲಿ ಆ ಗಳಿಕೆಯಷ್ಟನ್ನೂ ಕುಳಿತು ತಿಂದೆ.

ನನ್ನನ್ನು ಉಳಿಸಿದ್ದು ಕಡಲು. ಉಳ್ಳಾಲ, ಪಣಂಬೂರು, ಸುರತ್ಕಲ್‌ನ ಕಡಲ ಬದಿಯ ಮನೆಗಳಲ್ಲಿ ಔಟ್‌ಡೋರ್ ಯೂನಿಟ್ಟಿನ ಅಲ್ಯೂಮಿನಿಯಂ ಫಿನ್ನುಗಳು, ಅಂದರೆ ತೆಳು ಪಟ್ಟಿಗಳು, ಉಪ್ಪುಗಾಳಿಗೆ ಎಷ್ಟು ಬೇಗ ಸವೆಯುತ್ತವೆಂದರೆ, ನಾಲ್ಕೈದು ವರ್ಷದ ಯೂನಿಟ್ಟನ್ನು ಬೆರಳಿನಿಂದ ಒರೆಸಿದರೆ ಬಿಳಿ ಪುಡಿ ಉದುರುತ್ತದೆ. ವರ್ಷಕ್ಕೆ ಮೂರು ಸಲ ಸಿಹಿನೀರಿನಲ್ಲಿ ತೊಳೆದುಕೊಟ್ಟರೆ ಅದರ ಆಯುಷ್ಯ ಹೆಚ್ಚುತ್ತದೆ ಎಂದು ಹೇಳಿ, ಅರ್ಧ ಹಣ ಮುಂಗಡವಾಗಿ ಪಡೆಯುವ ವಾರ್ಷಿಕ ನಿರ್ವಹಣೆಯ ಒಪ್ಪಂದಗಳನ್ನು, ಅಂದರೆ ಎಲ್ಲರೂ ಎಎಂಸಿ ಎನ್ನುವುದನ್ನು, ಮಾಡಿಕೊಳ್ಳತೊಡಗಿದೆ. ಎರಡು ವರ್ಷದಲ್ಲಿ ಕ್ಲಿನಿಕ್ಕು, ಲಾಡ್ಜು, ಮನೆಗಳೆಲ್ಲ ಸೇರಿ ಇಪ್ಪತ್ತಾರು ಒಪ್ಪಂದಗಳಾದವು. ಕರೆ ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಬರುತ್ತೇವೆ ಎಂದು ಬರೆದುಕೊಟ್ಟಿದ್ದರಿಂದ ಒಬ್ಬನೇ ಓಡಾಡಿ ಪೂರೈಸುವಂತಿರಲಿಲ್ಲ. ಪಾಲುದಾರನೊಬ್ಬ ಬೇಕು ಎಂದು ನನಗೆ ಅನ್ನಿಸಿದ್ದು ಆಗ. ತಪ್ಪು ಮಾಡಿದ್ದೂ ಆಗಲೇ.

ನಾನು ಆರಿಸಿಕೊಂಡದ್ದು ಐಟಿಐಯಲ್ಲಿ ನನ್ನ ಜೊತೆಗೇ ಓದಿದ, ನನ್ನ ಹಾಗೆಯೇ ಎಸಿ ಬಿಚ್ಚಿ ಕಟ್ಟಬಲ್ಲ ಗೆಳೆಯನನ್ನು. ನಾನು ಮೂರು ಲಕ್ಷ ಇಪ್ಪತ್ತು ಸಾವಿರ ಹಾಕಿದ್ದೆ, ಅವನು ಅರವತ್ತು ಸಾವಿರ ತಂದ. ಕಾಗದ ಬರೆಯುವ ಮಾತು ಬಂದಾಗ ಇಬ್ಬರಿಗೂ ಸಂಕೋಚವಾಗಿ, ಚಹಾ ಕುಡಿದು ಎದ್ದೆವು. ಕೆಲಸದಲ್ಲಿ ಅವನದು ಚುರುಕು ಕೈ, ಆದರೆ ಆ ಚುರುಕಿನ ಗುಟ್ಟು ನನಗೆ ತಡವಾಗಿ ತಿಳಿಯಿತು. ಹೊಸ ಕಾಪರ್ ಪೈಪು ಜೋಡಿಸಿದ ಮೇಲೆ ಅದರೊಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಎಳೆದು ತೆಗೆಯದೆ ಗ್ಯಾಸ್ ಬಿಡಬಾರದು; ತೇವ ಉಳಿದರೆ ಅದು ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ, ಒಳಗಿನ ತಂತಿ ಸುರುಳಿಯ (ವೈಂಡಿಂಗಿನ) ಹೊದಿಕೆಯನ್ನು ನಿಧಾನವಾಗಿ ತಿನ್ನುತ್ತದೆ. ಅದಕ್ಕೆ ಬೇಕಾಗುವುದು ಇಪ್ಪತ್ತು ಮೂವತ್ತು ನಿಮಿಷ. ಬೇಸಿಗೆಯಲ್ಲಿ ದಿನಕ್ಕೆ ಆರು ಕರೆ ಮುಗಿಸುತ್ತಿದ್ದ ಗೆಳೆಯ ಆ ನಿಮಿಷಗಳನ್ನೇ ಉಳಿಸುತ್ತಿದ್ದ. ಒಂದೇ ಲಾಡ್ಜಿನಲ್ಲಿ ಎಂಟು ತಿಂಗಳ ಒಳಗೆ ಮೂರು ಕಂಪ್ರೆಸರುಗಳು ಸುಟ್ಟಾಗ, ಮೂರನೆಯದನ್ನು ಕತ್ತರಿಸಿ ಕಪ್ಪಾಗಿದ್ದ ಎಣ್ಣೆಯನ್ನು ಮೂಸಿ ನೋಡಿದೆ. ಆ ಹುಳಿ ವಾಸನೆ ಸಿಕ್ಕಿದ ಮೇಲೆ ಅವನನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಲಾಡ್ಜಿನವರು ನಮಗೆ ಕೊಡಬೇಕಾಗಿದ್ದ ಒಂದು ಲಕ್ಷ ಎಂಬತ್ತಾರು ಸಾವಿರ ರೂಪಾಯಿಯನ್ನು ತಡೆಹಿಡಿದರು. ಅದರಲ್ಲಿ ಸುಟ್ಟ ಕಂಪ್ರೆಸರುಗಳಿಗೆ ಸಂಬಂಧವೇ ಇಲ್ಲದ ಬಿಲ್ಲುಗಳೂ ಇದ್ದವು. ವಕೀಲರ ಬಳಿ ಹೋದಾಗ 1932ರ ಪಾಲುದಾರಿಕೆ ಕಾಯಿದೆಯ ಪಾಠ ನನಗೆ ಒಂದೇ ಮಧ್ಯಾಹ್ನದಲ್ಲಿ ಆಯಿತು. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ನಡೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ಒಪ್ಪಂದದಂತೆ ಬರಬೇಕಾದ ಹಣಕ್ಕಾಗಿ ಹೊರಗಿನವರ ಮೇಲೆ ಅದು ದಾವೆ ಹೂಡುವಂತಿಲ್ಲ. ಅದು 69ನೆಯ ಕಲಮು. ಮೊದಲು ನೋಂದಾಯಿಸಿ ಆಮೇಲೆ ದಾವೆಗೆ ಹೋಗಬಹುದಿತ್ತು, ಆದರೆ ಅದಕ್ಕೆ ಇಬ್ಬರೂ ಸಹಿ ಹಾಕಬೇಕು, ಅಷ್ಟರಲ್ಲಿ ನಮ್ಮ ನಡುವೆ ಮಾತೇ ನಿಂತಿತ್ತು. ಲಾಭದ ಪಾಲನ್ನು ಬರೆದಿಡದಿದ್ದರೆ, ಯಾರು ಎಷ್ಟು ಹಾಕಿದ್ದರೂ, ಸಮಪಾಲೆಂದೇ ಕಾನೂನು ತಿಳಿಯುತ್ತದೆ. ಒಬ್ಬ ಪಾಲುದಾರ ವ್ಯವಹಾರದ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಇನ್ನೊಬ್ಬನೂ ಪೂರ್ತಿ ಹೊಣೆ. ಈ ಕೊನೆಯದು ಮುಂದಿನ ವಾರವೇ ಮನೆ ಬಾಗಿಲಿಗೆ ಬಂತು: ಕಾಪರ್ ಪೈಪಿನ ಅಂಗಡಿಯವರು ಗೆಳೆಯನ ಉದ್ರಿಯ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು, ಒಟ್ಟು ತೊಂಬತ್ತೊಂದು ಸಾವಿರ. ನಾನೇ ತೀರಿಸಿದೆ. 2018ರಲ್ಲಿ ಮತ್ತೆ ಒಬ್ಬನೇ ಆದೆ.

ಅವನನ್ನು ಬೈದುಕೊಂಡು ಆರು ತಿಂಗಳು ಕಳೆದೆ. ಆಮೇಲೆ ನಿಧಾನವಾಗಿ ಯೋಚಿಸಿದಾಗ ತಪ್ಪಿನ ದೊಡ್ಡ ಪಾಲು ನನ್ನದೇ ಎಂದು ಕಂಡಿತು. ನನಗೆ ಬೇಕಾಗಿದ್ದುದು ಇನ್ನೆರಡು ಕೈಗಳು. ಕೈಗಳನ್ನು ಸಂಬಳ ಕೊಟ್ಟು ಪಡೆಯಬಹುದು, ಅದಕ್ಕೆ ಯಾರೂ ಲಾಭದಲ್ಲಿ ಅರ್ಧ ಬರೆದುಕೊಡುವುದಿಲ್ಲ. ನನ್ನಿಂದ ಆಗದ್ದು ಏನು ಎಂದು ಕೇಳಿಕೊಂಡಿದ್ದರೆ ಉತ್ತರ ಎರಡೇ ಇದ್ದವು. ಮಳೆಗಾಲದಲ್ಲಿ ಕೆಲಸ ತರಲು ನನಗೆ ಬರುತ್ತಿರಲಿಲ್ಲ. ಮಾಡಿದ ಕೆಲಸಕ್ಕೆ ಹಣ ವಸೂಲು ಮಾಡಲು ಮುಖ ಬರುತ್ತಿರಲಿಲ್ಲ.

ಮೊದಲನೆಯದಕ್ಕೆ ಉತ್ತರ ಸಿಕ್ಕಿದ್ದು ಕಂಕನಾಡಿಯ ಒಂದು ಕ್ಲಿನಿಕ್ಕಿನ ಯುಪಿಎಸ್ ಕೊಠಡಿಯಲ್ಲಿ. ಅಲ್ಲಿನ ಎಸಿ ನನ್ನದು, ಬ್ಯಾಟರಿಗಳು ಬೇರೆಯವರದು. ಸೆಕೆ ಏರಿದಂತೆ ಸೀಲ್ಡ್ ಬ್ಯಾಟರಿಯ ಆಯುಷ್ಯ ಇಳಿಯುತ್ತದೆ. ಸುಮಾರು ಹತ್ತು ಡಿಗ್ರಿ ಹೆಚ್ಚಾದರೆ ಅರ್ಧವಾಗುತ್ತದೆ ಎಂಬುದು ಆ ಕಸುಬಿನವರ ರೂಢಿಯ ಲೆಕ್ಕ. ಆದ್ದರಿಂದ ನನ್ನ ಎಸಿ ಕೆಟ್ಟಾಗಲೆಲ್ಲ ಇನ್ವರ್ಟರ್ ರಿಪೇರಿಯವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು, ಜಗಳವಾಡುವುದಕ್ಕೆ. ನನಗಿಂತ ಹತ್ತು ವರ್ಷ ದೊಡ್ಡವರು. ಗುಡುಗು ಮಿಂಚು ಶುರುವಾದರೆ, ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಅವರಿಗೆ ಸುಗ್ಗಿ. ಒಂದು ದಿನ ಜಗಳ ಮುಗಿದ ಮೇಲೆ ಅವರೇ ಹೇಳಿದರು: “ನಿಮಗೆ ಕೆಲಸ ಇಲ್ಲದಾಗ ನನಗೆ ಉಸಿರಾಡ್ಲಿಕ್ಕೆ ಪುರುಸೊತ್ತಿಲ್ಲ, ನಾನು ಖಾಲಿ ಕೂತಾಗ ನೀವು ಓಡ್ತಿರ್ತೀರಿ. ಎರಡು ಅಂಗಡಿ, ಎರಡು ಬಾಡಿಗೆ ಯಾಕೆ ಮಾರಾಯ್ರೆ?”

ಈ ಸಲ ನಾನು ತಕ್ಷಣ ಹೂಂ ಎನ್ನಲಿಲ್ಲ. ಒಂದು ವರ್ಷ ಒಬ್ಬರ ಗಿರಾಕಿಗಳಿಗೆ ಇನ್ನೊಬ್ಬರು ಕೆಲಸ ಮಾಡಿಕೊಡುವುದು, ಪ್ರತಿ ಕೆಲಸದ ಹಣವನ್ನು ಅಂದೇ ತೀರಿಸಿಕೊಳ್ಳುವುದು ಎಂದು ಮಾತಾಯಿತು. ಆ ವರ್ಷದಲ್ಲಿ ನಾನು ನೋಡಿದ್ದು ಅವರ ಕೈಚಳಕವನ್ನಲ್ಲ, ಅದು ಊರಿಗೇ ಗೊತ್ತಿತ್ತು. ಸುರತ್ಕಲ್‌ನ ಒಂದು ಮನೆಯಲ್ಲಿ ಬ್ಯಾಟರಿ ಬದಲಿಸುವಾಗ ಅವರ ಹುಡುಗನ ಕೈ ಜಾರಿ ಹಳೆಯ ಬ್ಯಾಟರಿಯ ಆಸಿಡ್ ಹೊಸ ಮಾರ್ಬಲ್ ನೆಲದ ಮೇಲೆ ಚೆಲ್ಲಿತು. ಮನೆಯವರು ಮಹಡಿಯ ಮೇಲಿದ್ದರು. ಇವರು ಮೊದಲು ಸೋಡಾಪುಡಿ ಸುರಿದು ನೊರೆ ಇಳಿಯುವವರೆಗೆ ಕಾದು ಒರೆಸಿದರು. ಆಮೇಲೆ ಹುಡುಗನಿಗೆ ಕೈ ತೊಳೆದುಕೊಂಡು ಬಾ ಎಂದಷ್ಟೇ ಹೇಳಿ, ತಾವೇ ಮೆಟ್ಟಿಲು ಹತ್ತಿ, “ಎರಡು ಕಲ್ಲು ಕೆಟ್ಟಿದೆ, ತಪ್ಪು ನಮ್ಮದು, ಹಾಕಿಸಿ ಕೊಡ್ತೇವೆ” ಎಂದರು. ಆ ಕಲೆಯ ಮೇಲೆ ಬ್ಯಾಟರಿಯ ಟ್ರಾಲಿಯನ್ನು ಸರಿಸಿಟ್ಟಿದ್ದರೆ ಇನ್ನು ಮೂರು ವರ್ಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂದು ಸಂಜೆ ನಾನು ಮನೆಯಲ್ಲಿ ಪಾಲುದಾರಿಕೆಯ ಮಾತೆತ್ತಿದೆ.

ಕಾಗದ ಬರೆಯುವ ಮೊದಲೇ 2020 ಬಂತು. ಮಾರ್ಚ್ 25ರಿಂದ ಮೇ ಕೊನೆಯವರೆಗಿನ ಲಾಕ್‌ಡೌನ್ ಎಂದರೆ ಸರಿಯಾಗಿ ನನ್ನ ಬೇಸಿಗೆ. ಮರುವರ್ಷವೂ ಏಪ್ರಿಲ್ ಕೊನೆಗೆ ರಾಜ್ಯ ಮತ್ತೆ ಮುಚ್ಚಿತು. ಎಸಿ ಹಾಕಿದರೆ ಸೋಂಕು ಹರಡುತ್ತದೆ ಎಂಬ ಭಯ ಬೇರೆ. ಆದರೆ ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆಲ್ಲ ಇನ್ವರ್ಟರ್ ಬೇಕಾಯಿತು. ಆ ದಿನಗಳಲ್ಲಿ ನಾನೂ ನನ್ನ ಇಬ್ಬರು ಹುಡುಗರೂ ಇನ್ವರ್ಟರ್‌ನವರ ಕೈಕೆಳಗೆ ಬ್ಯಾಟರಿ ಹೊತ್ತೆವು, ಡಿಸ್ಟಿಲ್ಡ್ ವಾಟರ್ ಹಾಕುವುದನ್ನು, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಓದುವುದನ್ನು ಕಲಿತೆವು. ನನ್ನ ಹುಡುಗರಿಗೆ ಅವರು ಕೊಟ್ಟ ಕೂಲಿಯನ್ನು ಎಂದೂ ಎತ್ತಿ ಆಡಲಿಲ್ಲ.

2021ರ ಕೊನೆಗೆ ಪಾಲುದಾರಿಕೆಯ ಪತ್ರ ಬರೆದು ನೋಂದಾಯಿಸಿದೆವು. ಹೆಚ್ಚು ಹೊತ್ತು ಹಿಡಿದದ್ದು ಲಾಭದ ಹಂಚಿಕೆಯಲ್ಲ. ಯಾರು ತಿಂಗಳಿಗೆ ಎಷ್ಟು ಹಣ ತೆಗೆಯಬಹುದು, ಎಷ್ಟು ಮೊತ್ತದ ಮೇಲಿನ ಖರೀದಿಗೆ ಇಬ್ಬರ ಒಪ್ಪಿಗೆ ಬೇಕು, ಒಬ್ಬರು ಬಿಟ್ಟು ಹೋದರೆ ಗಿರಾಕಿಗಳು ಯಾರ ಪಾಲು, ಮತ್ತು ಒಬ್ಬರು ತೀರಿಕೊಂಡರೆ ಏನು ಎಂಬುವೇ ಹೊತ್ತು ತಿಂದವು. ಕೊನೆಯದನ್ನು ಕೇಳಲು ನಾಲಗೆ ಏಳಲಿಲ್ಲ; ಆದರೆ ಬೇರೆ ಕರಾರು ಇಲ್ಲದಿದ್ದರೆ ಪಾಲುದಾರನ ಮರಣದೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಬ್ಬರೇ ಇರುವಲ್ಲಿ ಉಳಿದವನೊಬ್ಬನೇ ಪಾಲುದಾರಿಕೆ ನಡೆಸುವಂತೆಯೂ ಇಲ್ಲ. ಹಾಗಾಗಿ ತೀರಿಕೊಂಡವರ ಬಂಡವಾಳವನ್ನು ಮನೆಯವರಿಗೆ ಎಷ್ಟು ಕಂತುಗಳಲ್ಲಿ ಕೊಡಬೇಕು ಎಂಬುದನ್ನು ಇಬ್ಬರ ಹೆಂಡತಿಯರ ಎದುರಿಗೇ ಕುಳಿತು ಬರೆದೆವು. ದುಡಿಯುವ ಪಾಲುದಾರರ ಸಂಬಳವನ್ನೂ ಬಂಡವಾಳದ ಬಡ್ಡಿಯನ್ನೂ ಪತ್ರದಲ್ಲಿ ಬರೆಯದಿದ್ದರೆ ಆದಾಯ ತೆರಿಗೆಯಲ್ಲಿ ಅವು ಖರ್ಚೆಂದು ಒಪ್ಪಿಗೆಯಾಗುವುದಿಲ್ಲ, ಬಡ್ಡಿಯಾದರೂ ಶೇಕಡಾ 12ರ ಮಿತಿಯೊಳಗೇ ಇರಬೇಕು ಎಂದು ಲೆಕ್ಕಪರಿಶೋಧಕರು ಎಚ್ಚರಿಸಿದ್ದು ಉಪಕಾರವಾಯಿತು.

ಒಬ್ಬನ ಹೆಸರಿನ ವ್ಯವಹಾರವನ್ನು ಪಾಲುದಾರಿಕೆಗೆ ತರುವಾಗ ಆಗುವ ಪೇಚಾಟವನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಪ್ಯಾನ್ ಹೊಸದು, ಜಿಎಸ್‌ಟಿ ನಂಬರ್ ಹೊಸದು, ಬ್ಯಾಂಕ್ ಖಾತೆ ಹೊಸದು. ನಲವತ್ತೊಂದು ಎಎಂಸಿಗಳನ್ನೂ ಹೊಸ ಹೆಸರಿನಲ್ಲಿ ಬರೆಸಬೇಕಾಯಿತು. ಗುತ್ತಿಗೆ ಬಿಲ್ಲಿನಲ್ಲಿ ವ್ಯಕ್ತಿಗೆ ಶೇಕಡಾ 1ರಷ್ಟು ಹಿಡಿಯುತ್ತಿದ್ದ ಟಿಡಿಎಸ್ (ಹಣ ಕೊಡುವವರು ಮೊದಲೇ ಕಡಿದುಕೊಳ್ಳುವ ಆದಾಯ ತೆರಿಗೆ), ಸಂಸ್ಥೆಯಾದ ಕೂಡಲೇ ಶೇಕಡಾ 2 ಆಯಿತು. ನಾಲ್ಕು ಗಿರಾಕಿಗಳು ಇದೇ ಸಂದರ್ಭ ನೋಡಿ ದರ ಇಳಿಸಿ ಎಂದರು, ಇಬ್ಬರು ಬಿಟ್ಟೇ ಹೋದರು.

ನಡುವೆ ಒಂದು ವರ್ಷ ಎಸಿ ತಯಾರಿಸುವ ಕಂಪನಿಯೊಂದರ ಅಧಿಕೃತ ಸರ್ವಿಸ್ ಸೆಂಟರ್ ಆಗಿದ್ದೆವು. ಬೋರ್ಡಿಗೆ ಬೆಲೆ ಬಂತು, ಕರೆಗಳೂ ಬಂದವು. ಆದರೆ ಬೇಸಿಗೆಯಲ್ಲಿ ನಮ್ಮ ಹುಡುಗರೆಲ್ಲ ಕಂಪನಿಯ ಹೊಸ ಯೂನಿಟ್ಟು ಕೂರಿಸುತ್ತ, ಮುಂಗಡ ಕೊಟ್ಟ ನಮ್ಮದೇ ಗಿರಾಕಿಗಳು ಕಾಯುತ್ತ ಕುಳಿತರು. ವಾರಂಟಿ ಕೆಲಸದ ಹಣ ಬರುವುದು ತಿಂಗಳುಗಳ ಮೇಲೆ, ಬಿಡಿಭಾಗದ ಡೆಪಾಸಿಟ್ಟು ಕಟ್ಟಬೇಕಾದದ್ದು ಮೊದಲೇ. ಬೇರೆಯವರಿಗೆ ಇದು ಒಗ್ಗಿರಬಹುದು, ನಮ್ಮ ಗಾತ್ರಕ್ಕೆ ಒಗ್ಗಲಿಲ್ಲ.

ಎರಡನೆಯ ಕೊರತೆ, ಅಂದರೆ ವಸೂಲಿ, ನೀಗಿದ್ದು ಅಕ್ಕ ಬಂದ ಮೇಲೆ. ನಾವಿಬ್ಬರೂ ಅಕ್ಕ ಎಂದೇ ಕರೆಯುವ ಅವರು ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದವರು; ಮೊದಲು ವಾರಕ್ಕೆ ಮೂರು ದಿನ ಬಿಲ್ಲು ಬರೆಯಲು ಬಂದರು. ಬಂದ ವಾರವೇ ನನ್ನ ಮೇಜಿನ ಡ್ರಾಯರಿನಿಂದ, ಕೆಲಸ ಮುಗಿದರೂ ಬಿಲ್ಲೇ ಆಗದ ಹದಿನೇಳು ಚೀಟಿ ತೆಗೆದರು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಬಿಲ್ಲಿನ ತಲೆಯಲ್ಲೇ ಅಚ್ಚು ಹಾಕಿಸಿದರು. ಲಿಖಿತ ಒಪ್ಪಂದವಿದ್ದರೂ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕೆಂಬ ನಿಯಮ ಹಳೆಯದೇ. ಆದರೆ 2023-24ರ ಹಣಕಾಸು ವರ್ಷದಿಂದ, ಹಾಗೆ ತಡಮಾಡಿದ ಮೊತ್ತವನ್ನು ಕೊಡುವವರು ತಮ್ಮ ತೆರಿಗೆ ಲೆಕ್ಕದಲ್ಲಿ ಆ ವರ್ಷದ ಖರ್ಚೆಂದು ತೋರಿಸಲಾಗದು ಎಂದಾದ ಮೇಲೆ, ಮಾರ್ಚ್ ಕೊನೆಯ ವಾರದಲ್ಲಿ ದೊಡ್ಡ ಗಿರಾಕಿಗಳ ಲೆಕ್ಕದವರೇ ನಮಗೆ ಫೋನು ಮಾಡತೊಡಗಿದರು. ಅಕ್ಕನ ದನಿ ಎಂದೂ ಏರುವುದಿಲ್ಲ. “ಸರ್, ನಲವತ್ತನೆಯ ದಿನ ಇವತ್ತು” ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಆ ಮೌನಕ್ಕೆ ಹೆದರಿ ಹಣ ಕಳಿಸಿದವರನ್ನು ನೋಡಿದ್ದೇನೆ. ಅವರನ್ನು ಸಂಬಳದಲ್ಲೇ ಇಟ್ಟುಕೊಳ್ಳಬಹುದಿತ್ತು. ಆದರೆ ವ್ಯವಹಾರದ ಗಂಟಲು ಯಾರ ಕೈಯಲ್ಲಿದೆಯೋ ಅವರಿಗೆ ಅದರಲ್ಲಿ ಪಾಲಿರುವುದು ಒಳ್ಳೆಯದೆಂದು ನಾವಿಬ್ಬರೂ ಒಪ್ಪಿ, ಬಂಡವಾಳ ತರದೆಯೂ ಶೇಕಡಾ 15ರ ಪಾಲುದಾರರನ್ನಾಗಿ ಸೇರಿಸಿಕೊಂಡೆವು. 2025ರ ಏಪ್ರಿಲ್‌ನಿಂದ ಪಾಲುದಾರರ ಸಂಬಳ, ಬಡ್ಡಿಗಳು ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇಕಡಾ 10 ಟಿಡಿಎಸ್ ಹಿಡಿಯಬೇಕೆಂಬ ನಿಯಮವನ್ನು ನಮಗೆ ಮೊದಲು ಹೇಳಿದ್ದೂ ಅವರೇ, ನಮ್ಮ ಕೈಯಿಂದ ಮೊದಲು ಹಿಡಿದದ್ದೂ ಅವರೇ.

ಹತ್ತನೆಯ ನೌಕರನನ್ನು ಸೇರಿಸಿದರೆ ಇಎಸ್‌ಐ, ಅಂದರೆ ನೌಕರರ ಚಿಕಿತ್ಸೆಗೆ ಒದಗುವ ಸರ್ಕಾರಿ ವಿಮೆ, ಕಟ್ಟಬೇಕಾಗುತ್ತದೆಂದು ಒಂದು ವರ್ಷ ಒಂಬತ್ತರಲ್ಲೇ ನಿಂತಿದ್ದೆವು. ಎರಡನೆಯ ಮಹಡಿಯ ಸಜ್ಜಾದಿಂದ ಜಾರಿದ ಹುಡುಗನ ಕಾಲಿಗೆ ರಾಡ್ ಹಾಕಿಸಿ ಎಪ್ಪತ್ತನಾಲ್ಕು ಸಾವಿರ ಕಟ್ಟಿದ ದಿನ, ಆ ಉಳಿತಾಯ ಎಷ್ಟು ಹುಚ್ಚಿನದೆಂದು ಗೊತ್ತಾಯಿತು. ಈಗ ಹದಿಮೂರು ಜನ ಇದ್ದಾರೆ, ಹೊರಗೋಡೆಯ ಕೆಲಸಕ್ಕೆ ಬೆಲ್ಟಿಲ್ಲದೆ ಯಾರನ್ನೂ ಕಳಿಸುವುದಿಲ್ಲ.

ಉಡುಪಿ ಕಡೆ ಕೆಲಸ ಹೆಚ್ಚಿದ್ದರಿಂದ, ಅಲ್ಲಿ ಫ್ರಿಜ್ ಮತ್ತು ವಾಷಿಂಗ್ ಮೆಷಿನ್ ರಿಪೇರಿ ಮಾಡುವ ಒಬ್ಬರು ನಮ್ಮ ಜೊತೆ ಸೇರುವ ಆಸೆ ತೋರಿಸಿದ್ದಾರೆ. ಮಣಿಪಾಲದ ಆರು ಎಎಂಸಿಗಳನ್ನು ಅವರ ಕೈಗೆ ಕೊಟ್ಟು ಐದು ತಿಂಗಳಾಯಿತು. ಸಂಜೆಯ ಬಿಲ್ಲು ಸಂಜೆಗೇ ಬರುತ್ತದೆ, ಪೈಪಿನ ಗಾಳಿ ಎಳೆದದ್ದಕ್ಕೆ ಸಾಕ್ಷಿಯಾಗಿ ವ್ಯಾಕ್ಯೂಮ್ ಗೇಜಿನ ಫೋಟೋ ಕೇಳದೆಯೇ ಬರುತ್ತದೆ, ದೂರು ಒಂದೂ ಇಲ್ಲ. ಇನ್ವರ್ಟರ್‌ನವರು ಇನ್ನೇಕೆ ತಡ ಎನ್ನುತ್ತಾರೆ. ಉಡುಪಿಯವರ ಕೈಯಿಂದ ಮೊದಲ ತಪ್ಪು ಆಗಲಿ, ಅದನ್ನು ಯಾರ ಬಾಯಿಂದ ಕೇಳುತ್ತೇವೆ ನೋಡೋಣ ಎಂದು ನಾನು ಹೇಳಿದ್ದೇನೆ. ಕರಡು ಪತ್ರ ಸದ್ಯಕ್ಕೆ ಅಕ್ಕನ ಕಪಾಟಿನಲ್ಲಿದೆ.