ಬ್ರೌನ್ ಬೆಸ್ ಕೋವಿಯ ಕಾಗದದ ತೋಟಾ: ಕವಾಯತಿಗೆ ಕಟ್ಟುವ ಕ್ರಮ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಈಸ್ಟ್ ಇಂಡಿಯಾ ಕಂಪನಿಯ ಕಾಲಾಳುಗಳ ಕೈಯಲ್ಲಿದ್ದದ್ದು ಬ್ರೌನ್ ಬೆಸ್ ಎಂಬ, ನಳಿಗೆಯ ಬಾಯಿಯಿಂದ ಮದ್ದುಗುಂಡು ತುಂಬುವ ಬ್ರಿಟಿಷ್ ಕೋವಿ. ಅವರ ಚರ್ಮದ ಪೆಟ್ಟಿಗೆಯಲ್ಲಿದ್ದದ್ದು ಕಾಗದದ ತೋಟಾ. ಒಂದು ಸೀಸದ ಗುಂಡು, ಒಂದು ಸಲಕ್ಕೆ ಸಾಕಾಗುವಷ್ಟು ಮದ್ದು, ಎರಡೂ ಒಂದೇ ಸುರುಳಿಯೊಳಗೆ. ಪಳಗಿದ ಸೈನಿಕ ನಿಮಿಷಕ್ಕೆ ಮೂರು ಸಲ ಗುಂಡು ಹಾರಿಸುತ್ತಿದ್ದುದು ಈ ಪೊಟ್ಟಣದ ಬಲದಿಂದಲೇ. ಹಳೆಯ ಯುದ್ಧಗಳನ್ನು ಮೈದಾನದಲ್ಲಿ ಮರಳಿ ಅಭಿನಯಿಸುವ ಬ್ರಿಟನ್, ಅಮೆರಿಕದ ತಂಡಗಳು ಇಂದಿಗೂ ಇದನ್ನು ಕೈಯಲ್ಲೇ ಸುತ್ತುತ್ತವೆ.

ಇಲ್ಲಿ ಹೇಳುತ್ತಿರುವುದು ಕವಾಯತು, ನಾಟಕ, ಪ್ರದರ್ಶನಗಳಿಗೆ ಬೇಕಾದ ಮದ್ದಿಲ್ಲದ ತೋಟಾ. ನಿಜವಾದ ಮದ್ದುಗುಂಡಿಗೆ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಅದನ್ನು ಮನೆಯಲ್ಲಿ ಮಾಡಲು ಯಾರೂ ಹೋಗಬಾರದು.

ಮೊದಲು ಅಳತೆ. ಬ್ರೌನ್ ಬೆಸ್ ನಳಿಗೆಯ ಒಳವ್ಯಾಸ ಸುಮಾರು 19 ಮಿಲಿಮೀಟರ್, ಗುಂಡಿನದು ಸುಮಾರು 17.5. ನಾಲ್ಕಾರು ಸಲ ಹಾರಿಸುವಷ್ಟರಲ್ಲಿ ಒಳಗೆ ಮಸಿ ಕಟ್ಟಿ ನಳಿಗೆ ಬಿಗಿಯಾಗುತ್ತಿತ್ತು. ಆಗಲೂ ಗುಂಡು ಇಳಿಯಲೆಂದೇ ಇಷ್ಟು ಸಡಿಲ. ಹಾಗಾಗಿ 17 ಮಿಲಿಮೀಟರ್ ದಪ್ಪದ ದುಂಡು ಮರದ ಕೋಲು ತೆಗೆದುಕೊಂಡು, ಅದರ ಒಂದು ತುದಿಯಲ್ಲಿ ಗುಂಡು ಕೂರುವಂತೆ ಸಣ್ಣ ಗುಳಿ ಕೊರೆಯಿರಿ. ಗುಂಡಿನ ಬದಲು ಅಷ್ಟೇ ಗಾತ್ರದ ಮರದ ಮಣಿ ಸಾಕು.

ಕಾಗದ ಕತ್ತರಿಸುವಾಗ ಅವಸರ ಬೇಡ. ತಳ 13 ಸೆಂಟಿಮೀಟರ್, ಒಂದು ಬದಿ 15, ಎದುರು ಬದಿ 6, ಮೇಲಂಚು ಓರೆ. ಉದ್ದದ ಬದಿಯನ್ನು ಕೋಲಿಗೆ ಒತ್ತಿ ಸುತ್ತಿದರೆ ಗುಂಡಿರುವ ಬುಡಕ್ಕೆ ಎರಡು ಸುತ್ತಿಗಿಂತ ಹೆಚ್ಚು ಕಾಗದ ಬೀಳುತ್ತದೆ, ಇನ್ನೊಂದು ತುದಿಯ ಬಾಲ ತೆಳ್ಳಗೆ ಉಳಿಯುತ್ತದೆ. ಓರೆ ಇರುವುದು ಇದಕ್ಕಾಗಿಯೇ: ಸೈನಿಕ ಬಾಲವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಚೌಕದ ಕಾಗದ ಸುತ್ತಿದವರ ತೋಟಾ ನೋಡಲು ಚೆನ್ನಾಗಿದ್ದೀತು, ಕಚ್ಚಿದರೆ ಹರಿಯದು.

ಸುತ್ತುವಾಗ ಮಣಿಯನ್ನು ಗುಳಿಗೆ ಆನಿಸಿಟ್ಟು, ಬುಡದಲ್ಲಿ ಒಂದು ಬೆರಳಷ್ಟು ಕಾಗದ ಹೊರಗೆ ಬಿಡಿ. ಅದನ್ನು ತಿರುಚಿ ಹತ್ತಿಯ ದಾರದಿಂದ ಬಿಗಿಯಿರಿ. ಕೋಲನ್ನು ತುಸು ಹಿಂದೆಳೆದು ಮಣಿಯ ಮೇಲೊಂದು ಗಂಟು ಹಾಕಿ. ಕೋಲು ತೆಗೆದು ಎರಡು ಟೀ ಚಮಚ ರಾಗಿ ಸುರಿಯಿರಿ. ದೂರದಿಂದ ಮದ್ದಿನಂತೆಯೇ ಕಾಣುತ್ತದೆ. ಬಾಲವನ್ನು ಚಪ್ಪಟೆ ಒತ್ತಿ, ಅಂಚುಗಳನ್ನು ಒಳಮಡಿಸಿ, ಪಕ್ಕಕ್ಕೆ ಬಾಗಿಸಿದರೆ ಮುಗಿಯಿತು.

1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬು ಸವರಿದ ತೋಟಾ ಎನ್‌ಫೀಲ್ಡ್ ರೈಫಲ್ಲಿನದು. ಇದಕ್ಕೆ ಎಣ್ಣೆ, ಮೇಣ ಏನೂ ಬೇಡ.

ಸ್ಟೇಪ್ಲರ್ ಪಿನ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಪರವಾನಗಿ ಪಡೆದು ಬರೀ ಮದ್ದು ಸಿಡಿಸುವ ತಂಡಗಳೂ ಗುಂಡನ್ನು ಪೂರ್ತಿ ಬಿಡುತ್ತವೆ, ಪಿನ್ನನ್ನು ದೂರವಿಡುತ್ತವೆ. ನಳಿಗೆಯಿಂದ ಹಾರುವ ಚೂರು ತಂತಿಯೂ ಎದುರಿನವರ ಕಣ್ಣು ಕಳೆಯಬಲ್ಲದು. ರಾಗಿ ತುಂಬಿದ ತೋಟಾಗಳ ಬುಡಕ್ಕೆ ಕೆಂಪು ಬಣ್ಣ ಹಚ್ಚಿ, ಬೇರೆ ಪೆಟ್ಟಿಗೆಯಲ್ಲೇ ಇಡಿ.