ದ್ರವದ ಒಳಗು ನೋಡಲು ಡಿಡ್‌ಕಾಟ್‌ವರೆಗೆ: ಬ್ರಿಟನ್ನಿನಲ್ಲಿ ನ್ಯೂಟ್ರಾನ್ ಬೀಮ್‌ಟೈಮ್ ಪಡೆಯುವ ಬಗೆ

ಬ್ರಿಟನ್ನಿಗೆ ಪಿಎಚ್‌ಡಿಗೆ ಬಂದ ನಮ್ಮ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ನನ್ನದು ದ್ರಾವಣಗಳ ಮೇಲಿನ ಕೆಲಸ. ಗೈಡ್ ನ್ಯೂಟ್ರಾನ್ ಮಾಡಿಸು ಅಂತಾರೆ. ಅದಕ್ಕೆ ದುಡ್ಡೆಷ್ಟಾಗುತ್ತೆ?" ಫಲಿತಾಂಶವನ್ನು ಪ್ರಕಟಿಸುವುದಾದರೆ ಯಂತ್ರದ ಸಮಯಕ್ಕೆ, ಅಂದರೆ ಬೀಮ್‌ಟೈಮ್‌ಗೆ, ಬಿಡಿಗಾಸೂ ಕೊಡಬೇಕಿಲ್ಲ. ಕೈ ಸುಡುವ ಖರ್ಚು ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ನ್ಯೂಟ್ರಾನ್ ಸಿಗುವ ಜಾಗದ ಹೆಸರು ಐಸಿಸ್. ಊರಿಗೆ ಫೋನ್ ಮಾಡಿದಾಗ "ಅಮ್ಮಾ, ನಾಳೆ ಐಸಿಸ್‌ಗೆ ಹೋಗ್ತಿದೀನಿ" ಅಂತ ಮಾತ್ರ ಹೇಳಬೇಡಿ, ನಾನು ಹೇಳಿ ಪಟ್ಟ ಪಾಡು ಸಾಕು. ಆಕ್ಸ್‌ಫರ್ಡ್‌ನಲ್ಲಿ ಹರಿಯುವ ಥೇಮ್ಸ್ ನದಿಗೂ ಅದೇ ಹೆಸರಿದೆ. ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿ, ಡಿಡ್‌ಕಾಟ್ ಪಾರ್ಕ್‌ವೇಯಲ್ಲಿ ಇಳಿದು, ಬಸ್ಸಿನಲ್ಲಿ ಹಾರ್ವೆಲ್‌ಗೆ ಹೋದರೆ ಐಸಿಸ್ ಇರುವ ರದರ್‌ಫರ್ಡ್ ಆಪಲ್ಟನ್ ಪ್ರಯೋಗಾಲಯ ಸಿಗುತ್ತದೆ. 163 ಮೀಟರ್ ಸುತ್ತಳತೆಯ, ಸಿಂಕ್ರೋಟ್ರಾನ್ ಎಂಬ ಉಂಗುರದಂಥ ಯಂತ್ರದಲ್ಲಿ ಪ್ರೋಟಾನ್‌ಗಳನ್ನು ಬೆಳಕಿನ ವೇಗದ ಶೇ. 84ರವರೆಗೆ ಓಡಿಸಿ ಟಂಗ್‌ಸ್ಟನ್ ಗುರಿಗೆ ಹೊಡೆಸುತ್ತಾರೆ. ಆಗ ಸಿಡಿಯುವ ನ್ಯೂಟ್ರಾನ್‌ಗಳೇ ನಮ್ಮ ಬಂಡವಾಳ. 1984ರಿಂದ ಇದು ನಡೆಯುತ್ತಿದೆ.

ಹರಳಿನ ಮೇಲೆ ನ್ಯೂಟ್ರಾನ್ ಬಿಟ್ಟರೆ ಚೂಪು ಚೂಪಾದ ಶಿಖರಗಳು ಬರುತ್ತವೆ. ನೀರು, ಗಾಜು, ಕರಗಿದ ಉಪ್ಪು ಇವುಗಳಿಂದ ಬರುವುದು ಹಾಸಿದ ಕಂಬಳಿಯ ಸುಕ್ಕಿನಂಥ ನಾಲ್ಕಾರು ಉಬ್ಬು. ಆ ಉಬ್ಬುಗಳಿಗೆ ಫೂರಿಯೇ ರೂಪಾಂತರ ಎಂಬ ಗಣಿತದ ಲೆಕ್ಕ ಮಾಡಿದರೆ, ಒಂದು ಪರಮಾಣುವಿನಿಂದ ಎಷ್ಟು ದೂರದಲ್ಲಿ ಇನ್ನೊಂದು ಸಿಗುವ ಸಾಧ್ಯತೆ ಹೆಚ್ಚು ಎಂಬುದು ತಿಳಿಯುತ್ತದೆ. ನೀರಿನಲ್ಲಿ ಒಂದು ಆಕ್ಸಿಜನ್‌ಗೆ ಪಕ್ಕದ ಅಣುವಿನ ಆಕ್ಸಿಜನ್ ಸುಮಾರು 2.8 ಆಂಗ್‌ಸ್ಟ್ರಾಂ (ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಂ) ದೂರದಲ್ಲಿ. ಇಷ್ಟನ್ನು ಎಕ್ಸ್‌ರೇ ಕೂಡ ಹೇಳುತ್ತದೆ. ಆದರೆ ಎಕ್ಸ್‌ರೇಗೆ ಕಾಣುವುದು ಎಲೆಕ್ಟ್ರಾನು, ಒಂದೇ ಎಲೆಕ್ಟ್ರಾನಿನ ಹೈಡ್ರೋಜನ್ ಅದರ ಕಣ್ಣಿಗೆ ಬೀಳುವುದೇ ಕಷ್ಟ. ನ್ಯೂಟ್ರಾನ್ ನೋಡುವುದು ಬೀಜಕೇಂದ್ರವನ್ನು. ಅದರ ಲೆಕ್ಕದಲ್ಲಿ ಸಾಮಾನ್ಯ ಹೈಡ್ರೋಜನ್ನಿನ ಚದುರಿಕೆ ಉದ್ದ (ಬೀಜಕೇಂದ್ರ ನ್ಯೂಟ್ರಾನನ್ನು ಎಷ್ಟು ಬಲವಾಗಿ ಚದುರಿಸುತ್ತದೆ ಎಂಬುದರ ಅಳತೆ) ಮೈನಸ್ 3.74 ಫೆಮ್ಟೋಮೀಟರ್, ಹೈಡ್ರೋಜನ್ನಿನದೇ ಭಾರದ ರೂಪವಾದ ಡ್ಯೂಟೀರಿಯಂನದು ಪ್ಲಸ್ 6.67.

ಈ ಮೈನಸ್ಸು ಪ್ಲಸ್ಸಿನಲ್ಲೇ ಇಡೀ ಆಟ ಇರುವುದು. ಅದೇ ನೀರನ್ನು ಮೂರು ಬಗೆಯಲ್ಲಿ ಅಳೆಯಿರಿ: ಸಾದಾ ನೀರು, ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ಭಾರಜಲ, ಎರಡರ ಬೆರಕೆ. ರಚನೆ ಬಹುಮಟ್ಟಿಗೆ ಒಂದೇ ಇದ್ದರೂ ಮೂರು ಬೇರೆ ಗೆರೆಗಳು ಬರುತ್ತವೆ. ಅಲ್ಲಿಂದ ಆಕ್ಸಿಜನ್–ಆಕ್ಸಿಜನ್, ಆಕ್ಸಿಜನ್–ಹೈಡ್ರೋಜನ್, ಹೈಡ್ರೋಜನ್–ಹೈಡ್ರೋಜನ್ ಜೋಡಿಗಳನ್ನು ಬಿಡಿಸಿಕೊಳ್ಳಬಹುದು. ನೂರು ಹೈಡ್ರೋಜನ್‌ನಲ್ಲಿ 36ರಷ್ಟನ್ನು ಡ್ಯೂಟೀರಿಯಂ ಮಾಡಿದರೆ ಮೈನಸ್ಸಿಗೆ ಪ್ಲಸ್ಸು ವಜಾ ಆಗಿ, ಸರಾಸರಿಯಲ್ಲಿ ಹೈಡ್ರೋಜನ್ ಚಿತ್ರದಿಂದಲೇ ಮಾಯವಾಗುತ್ತದೆ. ಮೊದಲ ಸಲ ಈ ಲೆಕ್ಕ ಹಾಕಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಕೈ ಸುಡುವುದೂ ಇಲ್ಲೇ. ಭಾರಜಲ ಸಿಗುತ್ತದೆ, ಪರವಾಗಿಲ್ಲ. ನಿಮ್ಮ ಅಣು ಸ್ವಲ್ಪ ಅಪರೂಪದ್ದಾಗಿದ್ದರೆ ಅದರ ಡ್ಯೂಟೀರಿಯಂ ರೂಪದ ಬೆಲೆ ಕೇಳಿಯೇ ಎದೆ ಧಸಕ್ಕೆನ್ನುತ್ತದೆ. ಅದನ್ನು ಅರ್ಜಿ ಬರೆಯುವ ಮೊದಲೇ ವಿಚಾರಿಸಿ.

ಅರ್ಜಿಗೆ ವರ್ಷದಲ್ಲಿ ಎರಡು ಸುತ್ತು, ಸಾಮಾನ್ಯವಾಗಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ. ದ್ರವ, ಗಾಜುಗಳಿಗೆ ಇಲ್ಲಿ ಮುಖ್ಯ ಉಪಕರಣಗಳು ಸ್ಯಾಂಡಲ್ಸ್ ಮತ್ತು ನಿಮ್ರಾಡ್. ಅಣುಗಳ ಪಕ್ಕದ ನೆರೆಹೊರೆಯಷ್ಟೇ ಬೇಕಿದ್ದರೆ ಸ್ಯಾಂಡಲ್ಸ್. ಅಣುಗಳು ಗುಂಪುಗೂಡುವ ದೊಡ್ಡ ಅಳತೆಯೂ ಬೇಕಿದ್ದರೆ ನಿಮ್ರಾಡ್. ಯಾವುದೆಂದು ಗೊತ್ತಾಗದಿದ್ದರೆ ಆ ಉಪಕರಣದ ವಿಜ್ಞಾನಿಗೆ ಮೇಲ್ ಹಾಕಿ. ನಮ್ಮವರು ಎಡವುವುದು ಇಲ್ಲೇ. "ಅಷ್ಟು ದೊಡ್ಡವರಿಗೆ ಹೇಗೆ ತೊಂದರೆ ಕೊಡೋದು" ಅಂತ ಸುಮ್ಮನಿದ್ದು, ಕೊನೇ ದಿನ ಅರ್ಜಿ ತುಂಬುತ್ತಾರೆ. ಇಲ್ಲಿ ಅರ್ಜಿಗೆ ಮುಂಚೆ ಮಾತಾಡಿಸುವುದೇ ರೂಢಿ. ಸರ್, ಮೇಡಂ ಏನೂ ಬೇಡ, ಹೆಸರು ಹಿಡಿದೇ ಬರೆಯಿರಿ.

ಆಮೇಲೆ ಹೊರಗಿನ ತಜ್ಞರ ಸಮಿತಿ ಅರ್ಜಿ ಓದುತ್ತದೆ. ಅವರು ಕೇಳುವುದು ಒಂದೇ: ಇದಕ್ಕೆ ನ್ಯೂಟ್ರಾನೇ ಯಾಕೆ ಬೇಕು, ಇಷ್ಟೇ ದಿನ ಯಾಕೆ? ನನ್ನ ಮೊದಲ ಕರಡಿನಲ್ಲಿ ಗ್ಲೂಕೋಸನ್ನು ಭಾರಜಲದಲ್ಲಿ ಕರಗಿಸುತ್ತೇನೆ ಅಂತ ಬರೆದು ಬಿಟ್ಟಿದ್ದೆ. ಗೈಡ್ ಪೆನ್ಸಿಲಿನಲ್ಲಿ ಅಂಚಿಗೆ "ಆ ಐದು?" ಎಂದಷ್ಟೇ ಗೀಚಿದರು. ಗ್ಲೂಕೋಸಿನ ಹನ್ನೆರಡು ಹೈಡ್ರೋಜನ್‌ಗಳಲ್ಲಿ ಐದು ಆಕ್ಸಿಜನ್ನಿಗೆ ಅಂಟಿಕೊಂಡಿವೆ. ಅವು ಭಾರಜಲಕ್ಕೆ ಬಿದ್ದ ಕೂಡಲೇ ಡ್ಯೂಟೀರಿಯಂ ಜೊತೆ ಜಾಗ ಬದಲಾಯಿಸಿಕೊಳ್ಳುತ್ತವೆ. ನನ್ನ ಮಾದರಿಯಲ್ಲಿ ಏನಿದೆಯೆಂದು ನನಗೇ ಗೊತ್ತಿರಲಿಲ್ಲ. ಸಕ್ಕರೆ, ಮದ್ಯಸಾರ, ಅಮೈನೋ ಆಮ್ಲ ಇಟ್ಟುಕೊಂಡವರು ಈ ಅದಲುಬದಲಿನ ಲೆಕ್ಕವನ್ನು ಅರ್ಜಿಯಲ್ಲೇ ತೋರಿಸಿ.

ಪಾಸ್‌ಪೋರ್ಟ್ ಭಾರತದ್ದಾದರೂ ಬ್ರಿಟನ್ ವಿಶ್ವವಿದ್ಯಾಲಯದವರಾಗಿ ಅರ್ಜಿ ಹಾಕಿದರೆ ನೀವು ಬ್ರಿಟನ್ ಬಳಕೆದಾರರೇ. ಪ್ರಯಾಣ, ವಸತಿಗೂ ಸಾಮಾನ್ಯವಾಗಿ ನೆರವಿದೆ. ಪಿಎಚ್‌ಡಿಗೆ ಇನ್ನೂ ಬರಬೇಕಿರುವವರು ಮಾತ್ರ ಅಟಾಸ್ ಪ್ರಮಾಣಪತ್ರ (ಸೂಕ್ಷ್ಮ ವಿಷಯಗಳ ಸಂಶೋಧನೆಗೆ ಬ್ರಿಟನ್ ಸರ್ಕಾರ ಕೊಡುವ ಅನುಮತಿ) ಮರೆಯಬೇಡಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ವಸ್ತುವಿಜ್ಞಾನದ ಬಹಳಷ್ಟು ಸಂಶೋಧನೆಗೆ ಭಾರತೀಯರಿಗೆ ಅದು ಬೇಕು. ಶುಲ್ಕವಿಲ್ಲ, ಆದರೆ ವಾರಗಟ್ಟಲೆ ಕಾಯಿಸುತ್ತದೆ. ಊರಿನಿಂದಲೇ ಅರ್ಜಿ ಹಾಕುವ ಗೆಳೆಯರಿಗೆ ದಾರಿ ಬೇರೆ. ಕೇಂದ್ರ ಸರ್ಕಾರದ ನ್ಯಾನೋ ಮಿಷನ್ ಹಣದಲ್ಲಿ ನಡೆದ ಐಸಿಸ್ ಸಹಯೋಗವನ್ನು ನೋಡಿಕೊಂಡದ್ದು ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ. ಈಗಿನ ಸ್ಥಿತಿಯನ್ನು ಅಲ್ಲೇ ಕೇಳಬೇಕು.

ಮಂಜೂರಾದರೆ ನಿಮ್ಮ ಪ್ರಯೋಗದ ಗುರುತಿಗೆ ಒಂದು ಆರ್‌ಬಿ ನಂಬರ್ ಬರುತ್ತದೆ. ಮುಂದೆ ಎಲ್ಲದಕ್ಕೂ ಅದೇ ಜಾತಕ. ಸುರಕ್ಷತೆಯ ಪಾಠ ಮುಗಿಸಿ, ವಿಕಿರಣ ಅಳೆಯುವ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡು ಒಳಗೆ ಹೋಗುತ್ತೀರಿ. ದ್ರವ ತುಂಬುವ ಕ್ಯಾನು ಟೈಟೇನಿಯಂ–ಜಿರ್ಕೋನಿಯಂ ಮಿಶ್ರಲೋಹದ್ದು. ಅಲ್ಲೂ ಅದೇ ಪ್ಲಸ್ ಮೈನಸ್ ಉಪಾಯ, ಕ್ಯಾನಿನ ಹರಳು ಶಿಖರಗಳು ಕಾಣದ ಹಾಗೆ ಬೆರೆಸಿದ್ದಾರೆ. ಒಳಗೆ ದ್ರವದ ದಪ್ಪ ಒಂದು ಮಿಲಿಮೀಟರಿನಷ್ಟು, ಪಡ್ಡಿನ ಹಂಚಿಗೆ ಎಣ್ಣೆ ಬಿಟ್ಟಷ್ಟೂ ಇಲ್ಲ. ಸಿರಿಂಜಿನಲ್ಲಿ ಗುಳ್ಳೆ ಇಲ್ಲದಂತೆ ತುಂಬಿ, ತಿರುಪು ಬಿಗಿದು, ತೂಗಿ, ನಿರ್ವಾತದಲ್ಲಿಟ್ಟು, ಮತ್ತೆ ತೂಗಬೇಕು. ತೂಕ ಇಳಿದಿದ್ದರೆ ಸೋರುತ್ತಿದೆ ಎಂದರ್ಥ. ರಾತ್ರಿ ಎರಡು ಗಂಟೆಗೆ ಎರಡನೇ ತೂಕ ಬೇಡವೆಂದು ಬಿಟ್ಟು, ಬೆಳಗಾಗುವಷ್ಟರಲ್ಲಿ ಖಾಲಿ ಕ್ಯಾನನ್ನು ಅಳೆದು ಕೂತವನು ನಾನೇ.

ಖಾಲಿ ಕ್ಯಾನು, ಖಾಲಿ ಉಪಕರಣ, ಅಳತೆಯನ್ನು ಸರಿದೂಗಿಸಲು ಬೇಕಾದ ವೆನೇಡಿಯಂ ತುಂಡು, ಈ ಮೂರನ್ನು ಅಳೆಯಲು ಗಂಟೆಗಳನ್ನು ಎತ್ತಿಡಿ. ದ್ರಾವಣಗಳ ಸಾಂದ್ರತೆಯನ್ನು ನಿಮ್ಮ ಲ್ಯಾಬಿನಲ್ಲೇ ಅಳೆದು ತನ್ನಿ. ಗುಡ್ರನ್ ತಂತ್ರಾಂಶ ಮೊದಲು ಕೇಳುವುದೇ ಅದನ್ನು. ಅದು ಶುದ್ಧಮಾಡಿಕೊಟ್ಟ ಗೆರೆಗಳನ್ನು ವಿಜ್ಞಾನಿ ಅಲನ್ ಸೋಪರ್ ರೂಪಿಸಿದ ಇಪಿಎಸ್‌ಆರ್ ತಂತ್ರಾಂಶಕ್ಕೆ ಕೊಟ್ಟರೆ, ಅಳತೆಗೆ ಹೊಂದುವ ಅಣುಗಳ ಪೆಟ್ಟಿಗೆಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತದೆ. ಬೀಮ್‌ಟೈಮ್ ಮೂರು ದಿನವಾದರೆ ಈ ಕೆಲಸ ಆರು ತಿಂಗಳು.

ರಾತ್ರಿ ಪಾಳಿಗೆ ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಆದರೆ ಉಪಕರಣದ ಹತ್ತಿರ ಡಬ್ಬಿ ಬಿಚ್ಚುವಂತಿಲ್ಲ. ನ್ಯೂಟ್ರಾನ್ ತಿಂದ ಮಾದರಿಗೆ ವಿಕಿರಣ ತಗುಲಿರಬಹುದು, ಪರೀಕ್ಷಿಸಿ ಬಿಡುವವರೆಗೆ ಅದನ್ನು ಚೀಲಕ್ಕೆ ಹಾಕಬೇಡಿ. ಹಾಗೆಯೇ, ನಿಮ್ಮ ದತ್ತಾಂಶ ನಿಮ್ಮೊಬ್ಬರದೇ ಆಗಿರುವುದು ಮೂರು ವರ್ಷ. ಆಮೇಲೆ ಅದು ಯಾರಿಗೆ ಬೇಕಾದರೂ ಸಿಗುತ್ತದೆ, ಹಾಗಾಗಿ ಗುಡ್ರನ್‌ನ ಕೆಲಸವನ್ನು ವಾಪಸ್ಸು ರೈಲಿನಲ್ಲೇ ಶುರುಮಾಡಿ.